ಕುಂಬಾರನ ನಾಲಿಗೆ

ಆ ಊರಿನಲ್ಲಿ ನಿನ್ನೆ ಇದ್ದದ್ದು ಇವತ್ತು ಅದೇ ಜಾಗದಲ್ಲಿ ಇರುತ್ತಿರಲಿಲ್ಲ. ಅದು ಮರಳಿನ ಮೇಲೆ ಕಟ್ಟಿದ ಊರು. ಹೊಳೆ ಒಂದು ಮಗ್ಗುಲಿಗೆ ಹೊರಳಿದರೆ ಊರು ಇನ್ನೊಂದು ಮಗ್ಗುಲಿಗೆ ಹೊರಳುತ್ತಿತ್ತು. ಒಂದು ಬಾವಿ ಕುಸಿದರೆ ಇನ್ನೊಂದನ್ನು ತೋಡುತ್ತಿದ್ದರು. ಸಂತೆ ದಿಬ್ಬ ಬಿಟ್ಟು ತಗ್ಗಿಗೆ ಇಳಿಯುತ್ತಿತ್ತು. ವೈದ್ಯ ತನ್ನ ಗುಡಿಸಲನ್ನು ಬಿಚ್ಚಿ, ಕಟ್ಟು ಕಟ್ಟಿ, ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದ.

ಬಹಳ ಹಿಂದೆ ಅಲ್ಲಿಯ ಜನ ಜಾಗಗಳನ್ನು ತಲೆಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದರಂತೆ. ಬಾವಿ ಇಂಥಲ್ಲಿದೆ ಎಂದು ಒಬ್ಬ ಇನ್ನೊಬ್ಬನಿಗೆ ಹೇಳುವನು, ಅವನು ಹೆಂಡತಿಗೆ ಹೇಳುವನು, ಅವಳು ಕೊಡ ಹೊತ್ತು ಹೋಗುವಷ್ಟರಲ್ಲಿ ಅಲ್ಲಿ ಬಾವಿ ಇರುತ್ತಿರಲಿಲ್ಲ. ಇಲ್ಲದ ಜಾಗಗಳಿಗೆ ನಡೆದು ನಡೆದು ಸೋತ ಊರು ಕೊನೆಗೆ ಒಂದು ಕಟ್ಟಳೆ ಮಾಡಿಕೊಂಡಿತು. ಯಾರೂ ಜಾಗವನ್ನು ನೆನಪಿಡಬಾರದು. ಯಾರೂ ಯಾರಿಗೂ ಜಾಗ ಹೇಳಬಾರದು. ಹೆಸರನ್ನಷ್ಟೇ ನೆನಪಿಡಬೇಕು. ಜಾಗ ಹೇಳುವುದು ಹೆಸರುಕಟ್ಟೆಯ ಕೆಲಸ.

ಹೆಸರುಕಟ್ಟೆ ಎಂದರೆ ಊರ ನಡುವಿನ ಕಲ್ಲುಕಟ್ಟೆ, ಅದರ ಮೇಲೊಂದು ಉದ್ದನೆಯ ಮನೆ. ಆ ಊರಿನಲ್ಲಿ ಕದಲದೆ ಇದ್ದದ್ದು ಅದೊಂದೇ. ಮನೆಯ ತೊಲೆಗಳಿಂದ ನೂರಾರು ದಾರಗಳು ಇಳಿಬಿದ್ದಿದ್ದವು. ಒಂದೊಂದು ಕೇರಿಗೆ ಒಂದೊಂದು ತೊಲೆ. ದಾರದ ಮೇಲ್ತುದಿಯಲ್ಲಿ ಹೆಸರು, ಕೆಳತುದಿಗೆ ಕಟ್ಟಿದ ಓಲೆಯಲ್ಲಿ ಜಾಗ. ನೇಕಾರಗೇರಿಯವರು ‘ನಮ್ಮ ನೀರು’ ಎನ್ನುತ್ತಿದ್ದರು, ಕುಂಬಾರಗೇರಿಯವರೂ ‘ನಮ್ಮ ನೀರು’ ಎನ್ನುತ್ತಿದ್ದರು. ಎರಡೂ ಒಂದೇ ಬಾವಿಯೋ ಬೇರೆ ಬೇರೆಯೋ ಅವರಿಗೆ ತಿಳಿಯುತ್ತಿರಲಿಲ್ಲ, ತಿಳಿಯುವ ಅಗತ್ಯವೂ ಇರಲಿಲ್ಲ. ಅದು ಹೆಸರುಗಿತ್ತಿಗೆ ಗೊತ್ತಿದ್ದರೆ ಸಾಕಿತ್ತು.

ಹೆಸರುಗಿತ್ತಿ ಎಂದರೆ ಆ ಮನೆಯನ್ನು ನೋಡಿಕೊಳ್ಳುವ ಹೆಂಗಸು. ಅವಳ ತಾಯಿಯೂ ಹೆಸರುಗಿತ್ತಿಯೇ ಆಗಿದ್ದಳು, ತಾಯಿಯ ತಾಯಿಯೂ. ಬೆಳಗಾಗುತ್ತಲೇ ಬಾವಿ ತೋಡುವವರು, ಅಂಬಿಗ, ವೈದ್ಯ, ಎಣ್ಣೆ ಮಾರುವವರು ಬಂದು ‘ಇವತ್ತು ನಾನು ಇಂಥಲ್ಲಿ’ ಎಂದು ಹೇಳಿ ಹೋಗುತ್ತಿದ್ದರು. ಅವಳು ಹಳೆಯ ಓಲೆ ಬಿಚ್ಚಿ ಹೊಸ ಓಲೆ ಕಟ್ಟುತ್ತಿದ್ದಳು. ಬಿಸಿಲೇರಿದ ಮೇಲೆ ಬೇಡುವವರು ಮನೆಯ ಮುಂಗೋಡೆಯ ಕಂಡಿಯ ಮುಂದೆ ಸಾಲುಗಟ್ಟುತ್ತಿದ್ದರು.

“ನಮ್ಮದು ನೇಕಾರಗೇರಿ. ನಮ್ಮ ವೈದ್ಯ ಬೇಕು ತಾಯಿ.”

“ದಾರ ಎಳೆದೆ, ಓಲೆ ಓದಿದೆ. ಆಲದ ಹಿಂದೆ ಇದ್ದಾನೆ, ಹೋಗು.”

“ನಮ್ಮದು ಗಾಣಿಗಗೇರಿ. ನಮ್ಮ ನೀರು ಬೇಕು ತಾಯಿ.”

“ದಾರ ಎಳೆದೆ, ಓಲೆ ಓದಿದೆ. ಎರಡು ದಿಬ್ಬದ ನಡುವೆ ಇದೆ, ಹೋಗು.”

ಹೀಗೆ ದಿನವೂ. ಒಮ್ಮೊಮ್ಮೆ ಹೋದವರು ಬರಿಗೈಯಲ್ಲಿ ಹಿಂತಿರುಗುವುದುಂಟು. ಅಂಥವರಿಗೆಂದೇ ಕಂಡಿಯ ಪಕ್ಕದಲ್ಲಿ ಒಂದು ಹಂಡೆ ಉಪ್ಪುನೀರು ಇಟ್ಟಿದ್ದರು. ಬೇಡಿದ್ದು ಸಿಗಲಿಲ್ಲವೆಂದರೆ ಬೇಡಿದವನು ಹೆಸರನ್ನು ತಪ್ಪಾಗಿ ಉಚ್ಚರಿಸಿದ್ದಾನೆ ಎಂದೇ ಅರ್ಥ. ಅವನು ಎಲ್ಲರ ಎದುರಿಗೆ ಮೂರು ಸಲ ಬಾಯಿ ಮುಕ್ಕಳಿಸಬೇಕು. ಆಮೇಲೆ ಒಂದು ವರ್ಷ ಕಂಡಿಯ ಮುಂದೆ ಬಾಯಿ ತೆರೆಯಬಾರದು. ಅವನ ಪರವಾಗಿ ನೆರೆಯವರು ಬೇಡಬೇಕು. ಹೆಸರುಕಟ್ಟೆ ತಪ್ಪಬಹುದು ಎಂದು ಯಾರ ಕನಸಿನಲ್ಲೂ ಬಂದಿರಲಿಲ್ಲ.

ಒಂದು ದಿನ ಅಂಬಿಗ ತಡವಾಗಿ ಬಂದ. ಹೆಸರುಗಿತ್ತಿ ಓಲೆಗಳನ್ನೆಲ್ಲ ಕಟ್ಟಿ ಮುಗಿಸಿ ಅಂಬಲಿ ಕುಡಿಯಲು ಕೂತಿದ್ದಳು.

“ಹುಣಿಸೆಮರದ ದಂಡೆಯಲ್ಲಿ ಹೂಳು ತುಂಬಿದೆ ತಾಯಿ,” ಎಂದ ಅಂಬಿಗ. “ಇವತ್ತಿನಿಂದ ದೋಣಿ ಕರಿಬಂಡೆಯ ದಂಡೆಯಲ್ಲಿ ನಿಲ್ಲುತ್ತೆ.”

“ಆಯ್ತಪ್ಪ, ಕಟ್ತೀನಿ.”

ಅವಳು ಎದ್ದು ನೇಕಾರಗೇರಿಯ ದೋಣಿಯ ಓಲೆ ಬದಲಿಸಿದಳು, ಅದು ಕೈಗೆ ಹತ್ತಿರವಿತ್ತು. ಗಾಣಿಗಗೇರಿಯದನ್ನೂ ಬದಲಿಸಿದಳು. ಕುಂಬಾರಗೇರಿಯ ತೊಲೆ ಹಿಂದಿನ ಗೋಡೆಗೆ ಅಂಟಿಕೊಂಡು ಮೇಲಕ್ಕಿತ್ತು. ಓದುವುದಾದರೆ ಕೋಲಿನಿಂದ ದಾರವನ್ನು ಕೆಳಗೆ ಬಗ್ಗಿಸಿದರೆ ಸಾಕು. ಓಲೆ ಕಟ್ಟುವುದಾದರೆ ಏಣಿ ತಂದು ಹತ್ತಬೇಕು. ಮಂಡಿ ನೋಯುತ್ತಿದೆ, ಅಂಬಲಿ ಕುಡಿದ ಮೇಲೆ ಕಟ್ಟೋಣ, ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ನಿಜ ಹೇಳಬೇಕೆಂದರೆ ಆ ದಿನ ಅವಳ ಮಂಡಿ ನೋಯುತ್ತಿರಲಿಲ್ಲ.

ಅಂಬಲಿ ಮುಗಿಯುವ ಮೊದಲೇ ಕಂಡಿಯ ಮುಂದೆ ಕುಂಬಾರ ನಿಂತಿದ್ದ. ಮೊಣಕೈವರೆಗೆ ಹಸಿ ಮಣ್ಣು, ಬಾಯಲ್ಲಿ ಏದುಸಿರು. ಅವನ ತಾಯಿ ಆಚೆ ದಡದಲ್ಲಿ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಕೊನೆಗಾಲ ಬಂದರೆ ಬಿದಿರಿನ ಗಳುವಿಗೆ ಬಿಳಿ ಬಟ್ಟೆ ಕಟ್ಟಿ ಏರಿಸುತ್ತೇವೆ ಎಂದು ಅಕ್ಕ ಹೇಳಿ ಕಳಿಸಿದ್ದಳು. ಆ ಬೆಳಗ್ಗೆ ಬಟ್ಟೆ ಏರಿತ್ತು.

“ನಮ್ಮದು ಕುಂಬಾರಗೇರಿ. ನಮ್ಮ ದೋಣಿ ಬೇಕು ತಾಯಿ. ಬೇಗ ಹೇಳಿ, ನಮ್ಮವ್ವ ಹೋಗ್ತಿದ್ದಾಳೆ.”

ಅವಳು ಕೋಲಿನಿಂದ ದಾರ ಬಗ್ಗಿಸಿದಳು. ನೂರು ಸಲ ಹೇಳಿದ ಮಾತು ತಾನಾಗಿ ಬಾಯಿಂದ ಬಂತು.

“ದಾರ ಎಳೆದೆ, ಓಲೆ ಓದಿದೆ. ಹುಣಿಸೆಮರದ ದಂಡೆಯಲ್ಲಿದೆ, ಹೋಗು.”

ಕುಂಬಾರ ಓಡಿದ. ಅವನ ಹಿಂದೆ ಇನ್ನೊಬ್ಬರು ಬಂದರು, ಮತ್ತೊಬ್ಬರು ಬಂದರು. ನೆತ್ತಿಗೆ ಬಿಸಿಲು ಬಂದು ಸಾಲು ಕರಗಿದ ಮೇಲೆ ಅವಳು ಕಂಡಿ ಮುಚ್ಚಿ ಒಳಗೆ ತಿರುಗಿದಳು. ಹಿಂದಿನ ತೊಲೆಯ ಮೇಲೆ ಕಣ್ಣು ಬಿತ್ತು. ಗೋಡೆಗೆ ಒರಗಿದ್ದ ಏಣಿ ಒರಗಿದಲ್ಲೇ ಇತ್ತು.

ಕುಂಬಾರಗೇರಿಯ ದೋಣಿಯ ಓಲೆ ಬದಲಾಗಿರಲಿಲ್ಲ. ಏಣಿ ತಂದಳು, ಹತ್ತಿದಳು, ಹಳೆಯ ಓಲೆ ಬಿಚ್ಚಿ ಹೊಸದನ್ನು ಕಟ್ಟಿದಳು. ಹುಣಿಸೆಮರದ ದಂಡೆ ದೂರವೇನಲ್ಲ. ಅವಳು ಆಗಲೇ ಇಳಿದು ಓಡಿದ್ದರೆ ಆಗುತ್ತಿತ್ತು. ಆದರೆ ಹೆಸರುಗಿತ್ತಿ ಕಟ್ಟೆ ಇಳಿದು ಬೀದಿಯಲ್ಲಿ ಓಡಿದ್ದನ್ನು ಊರು ಕಂಡಿರಲಿಲ್ಲ. ಕಂಡವರು ಏಕೆ ಎಂದು ಕೇಳುತ್ತಿದ್ದರು. ಅವನು ದೂರದಿಂದಲೇ ದೋಣಿ ನೋಡಿಕೊಂಡಿರುತ್ತಾನೆ, ಇಷ್ಟು ಹೊತ್ತಿಗೆ ಆಚೆ ದಡ ಮುಟ್ಟಿರುತ್ತಾನೆ, ಎಂದುಕೊಳ್ಳುತ್ತ ಅವಳು ಕೂತಳು. ಕೂತೇ ಇದ್ದಳು.

ಹೊತ್ತು ಇಳಿಯುವಾಗ ಕುಂಬಾರ ಹಿಂತಿರುಗಿದ. ಬರಿಯ ಮರಳಿನ ದಂಡೆಯಲ್ಲಿ, ಹುಣಿಸೆಮರದ ಕೆಳಗೆ, ಹೆಸರುಕಟ್ಟೆ ಹೇಳಿದ ಮೇಲೆ ದೋಣಿ ಬಂದೇ ಬರುತ್ತದೆ ಎಂದು ಅಷ್ಟು ಹೊತ್ತೂ ಕಾದಿದ್ದ. ಸಂಜೆಯ ಸಾಲಿನಲ್ಲಿ ನಿಂತವರು ಅವನಿಗೆ ದಾರಿ ಬಿಟ್ಟರು.

“ತಾಯಿ, ಅಲ್ಲಿ ದೋಣಿ ಇಲ್ಲ.”

ಹೆಸರುಗಿತ್ತಿ ನಿಜ ಹೇಳಬಹುದಾಗಿದ್ದ ಗಳಿಗೆ ಅದು. ಅವಳು ಅವನ ಮುಖ ನೋಡಿದಳು, ಅವನ ಹಿಂದೆ ನಿಂತ ಮುಖಗಳನ್ನು ನೋಡಿದಳು. ಆ ಮುಖಗಳೆಲ್ಲ ಅವಳನ್ನು ನಂಬಿಕೊಂಡು ನಿಂತಿದ್ದವು.

“ಬೆಳಗ್ಗೆ ನೀನು ಏನಂದೆ?”

“ನಮ್ಮ ದೋಣಿ ಅಂದೆ.”

“ದೋಣಿ ಅಂದೆಯೋ, ಓಣಿ ಅಂದೆಯೋ? ಓಡಿ ಬಂದಿದ್ದೆ. ಏದುಸಿರಲ್ಲಿ ‘ದ’ ನುಂಗಿದೆ. ನನ್ನ ಕೈಗೆ ಬೇರೆ ದಾರ ಬಂತು. ಈಗ ಸರಿಯಾಗಿ ಹೇಳು.”

“ನಮ್ಮ ದೋಣಿ,” ಎಂದ ಕುಂಬಾರ, ಒಂದೊಂದು ಅಕ್ಷರವನ್ನೂ ಒತ್ತಿ.

ಅವಳು ದಾರ ಬಗ್ಗಿಸಿ ಓದಿದಳು. ಕರಿಬಂಡೆಯ ದಂಡೆ. ಓಲೆಯನ್ನು ಅವನಿಗೂ ತೋರಿಸಿದಳು, ಎಲ್ಲರಿಗೂ ತೋರಿಸಿದಳು.

ಕುಂಬಾರ ಓಲೆಯನ್ನು ನೋಡಿದ. ತನ್ನ ಬಾಯಿಯ ಮೇಲೆ ಕೈ ಇಟ್ಟುಕೊಂಡ. ಅವನ ಮುಖದಲ್ಲಿ ಅನುಮಾನವಾಗಲಿ ಸಿಟ್ಟಾಗಲಿ ಬರಲಿಲ್ಲ. ಅವನು ಅವಳನ್ನು ಪೂರ್ತಿ ನಂಬಿಬಿಟ್ಟ. ಹಂಡೆಯ ಹತ್ತಿರ ಹೋಗಿ, ಯಾರೂ ಹೇಳುವ ಮೊದಲೇ, ಉಪ್ಪುನೀರು ತುಂಬಿಕೊಂಡು ಮುಕ್ಕಳಿಸಿದ. ಒಂದು ಸಲ, ಎರಡು ಸಲ, ಮೂರು ಸಲ. ಆಮೇಲೆ ಕರಿಬಂಡೆಯ ಕಡೆ ಓಡಿದ.

ಅವನು ಆಚೆ ದಡ ಮುಟ್ಟುವಷ್ಟರಲ್ಲಿ ತಾಯಿಯ ಮುಖದ ಮೇಲೆ ಬಟ್ಟೆ ಹೊದಿಸಿದ್ದರು. ಬೆಳಗ್ಗೆಯಿಂದ ಅವಳು ಮಗನ ಹೆಸರು ಹಿಡಿದು ಕರೆಯುತ್ತಲೇ ಇದ್ದಳಂತೆ. ಬಿಸಿಲು ಇಳಿಯುವ ಹೊತ್ತಿಗೆ ದನಿ ನಿಂತಿತಂತೆ.

ಮುಂದಿನ ಅಮಾವಾಸ್ಯೆಯ ದಿನ ಕುಂಬಾರ ಹೆಸರುಕಟ್ಟೆಗೆ ಬಂದ. ಕಂಡಿಯ ಮುಂದೆ ಮಾತಾಡುವ ಹಾಗಿರಲಿಲ್ಲ, ಅದಕ್ಕೆ ಪಕ್ಕಕ್ಕೆ ನಿಂತು ನೆಲ ನೋಡುತ್ತ ಹೇಳಿದ:

“ನನ್ನ ಬಾಯಿಂದ ಕಟ್ಟೆಗೆ ಕೆಟ್ಟ ಹೆಸರು ಬರ್ತಿತ್ತು ತಾಯಿ. ನೀವು ಸಿಟ್ಟು ಮಾಡಲಿಲ್ಲ. ಇದನ್ನ ಇಸಕೊಳ್ಳಿ.”

ಕೈಯಲ್ಲಿ ಒಂದು ಮಡಕೆ. ತೆಳ್ಳಗೆ, ದುಂಡಗೆ, ಬೆರಳು ತಾಗಿಸಿದರೆ ಕಂಚಿನಂತೆ ದನಿ ಕೊಡುವಂಥದ್ದು. ಅಂಥ ಮಡಕೆಯನ್ನು ಅವನು ಮದುವೆ ಮನೆಗೆ ಮಾತ್ರ ಮಾಡುತ್ತಿದ್ದ.

ಅವಳು ಇಸಕೊಂಡಳು. ಬೇಡವೆನ್ನಲು ಕಾರಣ ಹೇಳಬೇಕಾಗುತ್ತಿತ್ತು.

ಪ್ರತಿ ಅಮಾವಾಸ್ಯೆಗೂ ಒಂದೊಂದು ಮಡಕೆ ಬಂತು. ಎರಡನೆಯ ತಿಂಗಳು ಅವನು ಸ್ವಲ್ಪವೇ ಮಾತಾಡಿದ. ಮೂರನೆಯ ತಿಂಗಳು ಕೈ ಮುಗಿದು ಹೋದ. ಆಮೇಲೆ ಮಾತೇ ಇರಲಿಲ್ಲ. ಮಡಕೆ ತಿರುಗಿಸುವ ತಿಗರಿಯ ಮುಂದೆ ಕೂತು ಅವನು ‘ದ, ದ, ದೋ, ದೋ’ ಎಂದು ನಾಲಿಗೆ ತಿದ್ದಿಕೊಳ್ಳುತ್ತಾನೆ ಎಂದು ಕೇರಿಯ ಹೆಂಗಸರು ಮೊದಮೊದಲು ನಗುತ್ತಿದ್ದರು. ಬರುಬರುತ್ತ ಅದೂ ನಿಂತಿತೆಂದು ಅವಳ ಕಿವಿಗೆ ಬಿತ್ತು. ಹೆಸರುಗಿತ್ತಿ ಮಡಕೆಗಳನ್ನು ಹಿಂಗೋಡೆಯ ಬದಿಗೆ ಬಾಯಿ ಕೆಳಗೆ ಮಾಡಿ ಸಾಲಾಗಿ ಇಟ್ಟಳು. ಒಂದರಲ್ಲೂ ನೀರು ತುಂಬಲಿಲ್ಲ. ಬೆಳಗ್ಗೆ ಓಲೆ ಕಟ್ಟುವಾಗ ಆ ಕಡೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು. ಈಗ ಎಲ್ಲ ಓಲೆಗಳನ್ನೂ ಎರಡೆರಡು ಸಲ ನೋಡುತ್ತಿದ್ದಳು. ಜನ ಅದನ್ನು ಕಂಡು ‘ಎಷ್ಟು ನಿಷ್ಠೆ’ ಎಂದು ಹೊಗಳುತ್ತಿದ್ದರು. ಆ ಹೊಗಳಿಕೆ ಕೇಳಿದಾಗೆಲ್ಲ ಅವಳಿಗೆ ಮೈಮೇಲಿನ ಬಟ್ಟೆ ಜಾರಿದಂತಾಗುತ್ತಿತ್ತು.

ಆ ಊರಿನಲ್ಲಿ ಏಳು ವರ್ಷ ತುಂಬಿದ ಮಕ್ಕಳನ್ನು ಒಂದು ದಿನ ಕಟ್ಟೆಗೆ ಕರೆತಂದು ಮೊದಲ ಸಲ ಹೆಸರು ಬೇಡಿಸುತ್ತಿದ್ದರು. ಆ ವರ್ಷ ಕುಂಬಾರಗೇರಿಯಿಂದ ನಾಲ್ಕು ಮಕ್ಕಳು ಬರಬೇಕಿತ್ತು, ಮೂವರು ಬಂದರು.

“ಇನ್ನೊಂದು ಮಗು?” ಎಂದು ಅವಳು ಆ ಕೇರಿಯ ಮುದುಕಿಯನ್ನು ಕೇಳಿದಳು.

“ಕುಂಬಾರನ ಮಗಳಾ ತಾಯಿ? ಅವಳು ಬರಲ್ಲ. ಅಪ್ಪ ಅವಳೆದುರು ಬಾಯೇ ಬಿಡಲ್ಲ. ತನ್ನ ನಾಲಿಗೆ ದೋಷ ಮಗೂಗೆ ಅಂಟುತ್ತೆ ಅಂತ ಅವನ ಭಯ. ಹುಡುಗೀಗೆ ತಾಯಿ ಮೊದಲೇ ಇಲ್ಲ. ಮನೇಲಿ ಇಬ್ಬರೂ ಕೈಸನ್ನೆ ಮಾಡ್ಕೊಂಡಿರ್ತಾರೆ. ಅರಳು ಹುರಿದ ಹಾಗೆ ಮಾತಾಡ್ತಿದ್ದ ಹುಡುಗಿ. ಈಗ ಅದಕ್ಕೆ ಇದ್ದ ಮಾತೂ ಮರೀತಿದೆ.”

ಮರುದಿನ ಕಂಡಿ ಮುಚ್ಚಿದ ಮೇಲೆ ಹೆಸರುಗಿತ್ತಿ ಕಟ್ಟೆ ಇಳಿದು ಕುಂಬಾರಗೇರಿಗೆ ಹೋದಳು. ಹೇಳಿಬಿಡಬೇಕು ಎಂದುಕೊಂಡೇ ಹೋದಳು. ಅವಳನ್ನು ಬಾಗಿಲಲ್ಲಿ ಕಂಡ ಕುಂಬಾರ ಗಾಬರಿಯಿಂದ ಎದ್ದು, ಕೈಯ ಮಣ್ಣನ್ನು ಪಂಚೆಗೆ ಒರೆಸಿಕೊಂಡು ಚಾಪೆ ಹಾಸಿದ. ಮಗಳಿಗೆ ಕೈಸನ್ನೆ ಮಾಡಿದ. ಹುಡುಗಿ ಒಂದು ಲೋಟ ನೀರು ತಂದು ಮುಂದೆ ಹಿಡಿದು, ಕುಡಿಯಿರಿ ಎಂದು ಬೆರಳಿನಿಂದ ತೋರಿಸಿದಳು. ಗಂಟಲು, ಬಾಯಿ, ತುಟಿ ಎಲ್ಲ ನೆಟ್ಟಗಿದ್ದ ಮಗು.

“ನಾನು ಒಂದು ಮಾತು ಹೇಳೋಕೆ ಬಂದೆ,” ಎಂದಳು ಹೆಸರುಗಿತ್ತಿ.

ಕುಂಬಾರ ಕೈಕಟ್ಟಿ ನಿಂತ. ಅವನ ಕಣ್ಣಿನಲ್ಲಿದ್ದ ಗೌರವವನ್ನು ಅವಳಿಂದ ನೋಡಲಾಗಲಿಲ್ಲ.

“ಮಡಕೆ ಚೆನ್ನಾಗಿವೆ ಅಂತ ಹೇಳೋಕೆ ಬಂದೆ,” ಎಂದು ನೀರು ಕುಡಿದು ಎದ್ದು ಬಂದಳು.

ದಾರಿಯಲ್ಲಿ ಒಂದು ಕಡೆ ನಿಂತಳು. ಸುಳ್ಳು ಹೇಳಿದ ದಿನಕ್ಕಿಂತ ಈ ದಿನ ತಾನು ಇನ್ನೂ ಕೆಳಗಿಳಿದೆ ಎನ್ನಿಸಿತು. ಅಂದು ಯೋಚಿಸಲು ಹೊತ್ತಿರಲಿಲ್ಲ ಎಂದಾದರೂ ಹೇಳಿಕೊಳ್ಳಬಹುದಿತ್ತು. ಇಂದು ಆ ನೆವವೂ ಇರಲಿಲ್ಲ.

ಮರುದಿನ ಬೆಳಗ್ಗೆ ಓಲೆಗಳನ್ನು ಕಟ್ಟಿ ಅವಳು ಕಂಡಿಯ ಒಳಗೆ ಕೂರಲಿಲ್ಲ. ಹೊರಗೆ ಬಂದು ಸಾಲಿನ ಎದುರು ಹಂಡೆಯ ಪಕ್ಕದಲ್ಲಿ ನಿಂತಳು. ಉಪ್ಪುನೀರು ಬೊಗಸೆಯಲ್ಲಿ ತುಂಬಿ ಮುಕ್ಕಳಿಸಿದಳು. ಒಂದು ಸಲ, ಎರಡು ಸಲ, ಮೂರು ಸಲ. ಜನ ಬೆಪ್ಪಾಗಿ ನೋಡುತ್ತಿದ್ದರು.

“ಕುಂಬಾರ ದೋಣಿ ಅಂತಲೇ ಅಂದಿದ್ದ,” ಎಂದಳು. “ನಾನು ಓಲೆ ಬದಲಿಸಿರಲಿಲ್ಲ. ಏಣಿ ಹತ್ತೋಕೆ ಬೇಸರ ಅಂತ ಬಿಟ್ಟಿದ್ದೆ. ಅವನು ದಂಡೆಯಲ್ಲಿ ಕಾಯ್ತಿದ್ದಾಗ ಬದಲಿಸಿದೆ. ಬಂದು ಕೇಳಿದಾಗ ಸುಳ್ಳು ಹೇಳಿದೆ.”

ಊರ ಹಿರಿಯ ಕೋಲೂರಿಕೊಂಡು ಮುಂದೆ ಬಂದ. ದನಿ ತಗ್ಗಿಸಿ ಹೇಳಿದ:

“ನಿನಗೆ ಬಿಸಿಲು ತಾಗಿದೆ ತಾಯಿ, ಒಳಗೆ ಹೋಗು. ನಾಳೆ ನಮ್ಮ ಹೆಂಗಸರು ನೀರಿಗೆ ಹೋಗಬೇಕು, ನಮ್ಮ ರೋಗಿಗಳು ವೈದ್ಯನ ಹತ್ತಿರ ಹೋಗಬೇಕು. ಯಾವುದನ್ನ ನಂಬಿಕೊಂಡು ಹೋಗೋದು? ಈ ಮಾತು ಇಲ್ಲಿಗೇ ಬಿಡು.”

“ಬಿಟ್ಟರೆ ಆ ಮಗು ಮೂಕಿಯಾಗುತ್ತೆ,” ಎಂದಳು ಅವಳು.

ಅಷ್ಟರಲ್ಲಿ ಸಾಲಿನ ಕೊನೆಯಿಂದ ಮುದಿ ಗಾಣಿಗನೊಬ್ಬ ಬಂದ. ಬೆನ್ನು ಬಾಗಿತ್ತು, ತಲೆ ಅದುರುತ್ತಿತ್ತು.

“ಮೂವತ್ತು ವರ್ಷದ ಹಿಂದೆ ನಾನು ಇದೇ ನೀರು ಮುಕ್ಕಳಿಸಿದ್ದೀನಿ,” ಎಂದ. “ನಿಮ್ಮವ್ವ ಇದ್ದಳು ಕಂಡೀಲಿ. ವೈದ್ಯ ಬೇಕು ಅಂತ ಬೇಡಿದ್ದೆ. ಹೇಳಿದ ಕಡೆ ಅವನಿರಲಿಲ್ಲ. ನನ್ನ ತಮ್ಮ ಉಳೀಲಿಲ್ಲ. ಆವತ್ತು ನಾನು ಸರಿಯಾಗಿ ಅಂದಿದ್ದೆನಾ?”

“ಗೊತ್ತಿಲ್ಲಜ್ಜ.”

“ನಿನಗಲ್ಲದೆ ಇನ್ಯಾರಿಗೆ ಗೊತ್ತು?”

“ಯಾರಿಗೂ ಗೊತ್ತಿಲ್ಲಜ್ಜ. ನಮ್ಮವ್ವ ತಪ್ಪಿರಬಹುದು. ಅವಳ ತಾಯಿಯೂ ತಪ್ಪಿರಬಹುದು. ನಾನೇ ಇನ್ನೂ ಎಷ್ಟು ಸಲ ತಪ್ಪಿದ್ದೀನೋ. ಕೇಳಿದವರದ್ದೇ ತಪ್ಪು ಅಂತ ಇದ್ದ ಮೇಲೆ ನಾವು ಹುಡುಕಿ ನೋಡಿದ್ದೇ ಇಲ್ಲ.”

ಮುದುಕ ಅಲ್ಲೇ ನೆಲದ ಮೇಲೆ ಕುಕ್ಕರಿಸಿದ. ಸಾಲಿನಲ್ಲಿ ಇನ್ನೊಬ್ಬ ಹೆಂಗಸು ಸೆರಗು ಬಾಯಿಗೊತ್ತಿಕೊಂಡಳು. ಹಿಂದಿನಿಂದ ಒಬ್ಬ ಗಂಡಸು ಬೈಯತೊಡಗಿದ, ಬೈಯುತ್ತ ಬೈಯುತ್ತ ಅತ್ತುಬಿಟ್ಟ. ಊರ ಹಿರಿಯ ಕೋಲಿನ ತುದಿಯನ್ನೇ ನೋಡುತ್ತ ನಿಂತ. ತಾನೂ ಚಿಕ್ಕಂದಿನಲ್ಲಿ ಒಮ್ಮೆ ಆ ಹಂಡೆಯ ಮುಂದೆ ಬಗ್ಗಿದ್ದು ಅವನಿಗೆ ನೆನಪಾಗಿರಬೇಕು.

ಯಾರೋ ಹೋಗಿ ಕುಂಬಾರನನ್ನು ಕರೆತಂದರು. ಹೆಸರುಗಿತ್ತಿ ತಾನು ಹೇಳಿದ್ದನ್ನೇ ಮತ್ತೆ ಅವನ ಎದುರು ನಿಂತು ಹೇಳಿದಳು. ಏಣಿಯ ಮಾತು ಹೇಳಿದಳು, ನೋಯದ ಮಂಡಿಯ ಮಾತನ್ನೂ ಹೇಳಿದಳು. ಅವನು ಕೇಳುತ್ತ ಕೇಳುತ್ತ ತುಟಿ ಅಲ್ಲಾಡಿಸಿದ. ತಿಂಗಳುಗಟ್ಟಲೆ ಬಳಸದ ದನಿ ಮೊದಲು ಬರಲಿಲ್ಲ, ಆಮೇಲೆ ಒರಟಾಗಿ ಬಂತು.

“ನಾನು ಓಣಿ ಅನ್ನಲಿಲ್ಲವಾ?”

“ಇಲ್ಲ. ದೋಣಿ ಅಂದೆ. ಸ್ಪಷ್ಟವಾಗಿ ಅಂದೆ.”

“ನಿನಗೆ ಯಾವಾಗ ಗೊತ್ತಾಯ್ತು?”

ಅವನು ಅವಳನ್ನು ‘ನೀನು’ ಎಂದದ್ದು ಅದೇ ಮೊದಲು.

“ಮಧ್ಯಾಹ್ನ.”

“ಮಧ್ಯಾಹ್ನ ನಮ್ಮವ್ವ ಇದ್ದಳು.”

“ಇದ್ದಳು.”

“ಕರೀತಾ ಇದ್ದಳು.”

ಅವಳು ತಲೆ ತಗ್ಗಿಸಿದಳು. ಅವನು ಹೊಡೆಯಬಹುದು ಎಂದುಕೊಂಡಳು, ಹೊಡೆದರೆ ಒಳ್ಳೆಯದು ಎಂದುಕೊಂಡಳು. ಅವನು ಹೊಡೆಯಲಿಲ್ಲ.

“ಅಷ್ಟು ಗೊತ್ತಿದ್ದೂ ನನ್ನ ಮಡಕೆ ಇಸಕೊಂಡ್ಯಲ್ಲ,” ಎಂದ. “ಹನ್ನೊಂದು ಮಡಕೆ. ಒಂದು ಸಲವಾದರೂ ಬೇಡ ಅನ್ನಬಹುದಿತ್ತು.”

ಅಷ್ಟು ಹೇಳಿ ಅವನು ಹೊರಟುಹೋದ.

ಊರು ಅವಳನ್ನು ಕಟ್ಟೆಯಿಂದ ಇಳಿಸಲಿಲ್ಲ. ಇಳಿಸಬೇಕೆಂದು ಮಾತಾಡಿದರು, ಆದರೆ ನೂರಾರು ದಾರಗಳ ಗುರುತು ಇದ್ದದ್ದು ಅವಳೊಬ್ಬಳಿಗೇ. ಹಂಡೆಯನ್ನು ಮಾತ್ರ ಗಾಣಿಗರು ನಾಲ್ವರು ಸೇರಿ ಮಗುಚಿಹಾಕಿದರು. ಅವಳು ತನಗೆ ತಾನೇ ಒಂದು ಕಟ್ಟಳೆ ಹಾಕಿಕೊಂಡಳು. ಯಾರಾದರೂ ಸಿಗಲಿಲ್ಲ ಎಂದು ಹಿಂತಿರುಗಿದರೆ ಕಂಡಿ ಮುಚ್ಚಿ, ಕಟ್ಟೆ ಇಳಿದು, ಅವರ ಜೊತೆ ಹೋಗಿ ತಾನೇ ನೋಡಿ ಬರುವುದು. ಕೆಲವು ಸಲ ಕೇಳಿದವರು ತಪ್ಪಿರುತ್ತಿದ್ದರು. ಕೆಲವು ಸಲ ಅವಳು ತಪ್ಪಿರುತ್ತಿದ್ದಳು. ಇನ್ನು ಕೆಲವು ಸಲ ಬಾವಿಯೇ ಹೇಳದೆ ಕೇಳದೆ ಕುಸಿದಿರುತ್ತಿತ್ತು. ಬೀದಿಯಲ್ಲಿ ನಡೆಯುವಾಗ ಜನ ಅವಳಿಗೆ ಮೊದಲಿನಂತೆ ಕೈ ಮುಗಿಯುತ್ತಿರಲಿಲ್ಲ. ಕೆಲವರು ಕಂಡಿಯ ಮುಂದೆಯೇ ‘ಸರಿಯಾಗಿ ನೋಡಿ ಹೇಳು’ ಎನ್ನುತ್ತಿದ್ದರು. ಅವಳು ಇನ್ನೊಂದು ಸಲ ನೋಡಿ ಹೇಳುತ್ತಿದ್ದಳು. ನಾಚಿಕೆ ಅವಳನ್ನು ಬಿಟ್ಟು ಹೋಗಲಿಲ್ಲ. ಆದರೆ ಈಗ ಅದನ್ನು ಬಚ್ಚಿಡುವ ಕೆಲಸ ಇರಲಿಲ್ಲ.

ಎರಡು ತಿಂಗಳ ಮೇಲೆ ಒಂದು ಬೆಳಗ್ಗೆ ಸಾಲಿನಲ್ಲಿ ಕುಂಬಾರ ನಿಂತಿದ್ದ, ಮಗಳ ಕೈ ಹಿಡಿದುಕೊಂಡು. ಸರದಿ ಬಂದಾಗ ಅವನು ಹಿಂದೆ ಸರಿದು ಹುಡುಗಿಯನ್ನು ಮುಂದೆ ಬಿಟ್ಟ. ಅವಳು ಕಂಡಿಯ ಅಂಚು ಹಿಡಿದು ತುದಿಗಾಲಲ್ಲಿ ನಿಂತಳು.

“ನಮ್ಮದು ಕುಂಬಾಗೇರಿ. ನಮ್ಮ ದೋಣಿ ಬೇಕು. ಅತ್ತೆ ಮನೆಗೆ ಹೋಗ್ತೀವಿ,” ಎಂದು ತೊದಲಿದಳು.

“ದಾರ ಎಳೆದೆ, ಓಲೆ ಓದಿದೆ,” ಎಂದಳು ಹೆಸರುಗಿತ್ತಿ. “ಹೊಸ ದಿಬ್ಬದ ಕೆಳಗಿದೆ ಅಂತ ಇದೆ. ನಡಿ, ನಾನೂ ಬಂದು ನೋಡ್ತೀನಿ.”

ಮೂವರೂ ನಡೆದರು. ಹುಡುಗಿ, ಅವಳ ಪಕ್ಕದಲ್ಲಿ ಹೆಸರುಗಿತ್ತಿ, ಕುಂಬಾರ ಹತ್ತು ಹೆಜ್ಜೆ ಹಿಂದೆ. ಕಟ್ಟೆಯ ಮುಂದೆ ಮಡಕೆಯ ಮಾತು ಹೇಳಿ ಹೋದ ದಿನದಿಂದ ಅವನು ಹೆಸರುಗಿತ್ತಿಯೊಂದಿಗೆ ಎಂದೂ ಮಾತಾಡಲಿಲ್ಲ. ಹುಡುಗಿ ಮಾತ್ರ ದಾರಿಯುದ್ದಕ್ಕೂ ಕಂಡಕಂಡದ್ದರ ಹೆಸರು ಹೇಳುತ್ತ ಬಂದಳು. ನಾಯಿ, ಕಲ್ಲು, ಕೊಕ್ಕರೆ, ಎಮ್ಮೆ. ಸೇರಿಸಿಟ್ಟಿದ್ದ ಮಾತೆಲ್ಲ ಹೊರಗೆ ಬರುತ್ತಿತ್ತು.

ದಿಬ್ಬ ಇಳಿದಾಗ ದೋಣಿ ಇತ್ತು.

“ಎಷ್ಟು ಜನ?” ಎಂದು ಅಂಬಿಗ ಕೇಳಿದ.

“ಇಬ್ಬರು,” ಎಂದ ಕುಂಬಾರ.

ಹೆಸರುಗಿತ್ತಿ ದಂಡೆಯಲ್ಲಿ ಉಳಿದಳು. ದೋಣಿ ನಾಲ್ಕು ಮಾರು ಹೋದ ಮೇಲೆ ಹುಡುಗಿ ಹಿಂತಿರುಗಿ ಕೂಗಿದಳು:

“ನಿನ್ನ ಹೆಸರೇನು?”

ಊರಿನಲ್ಲಿ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಅವಳ ತಾಯಿ ಸತ್ತ ಮೇಲೆ ಆ ಹೆಸರನ್ನು ಯಾರೂ ಆಡಿರಲಿಲ್ಲ. ಒಂದು ಗಳಿಗೆ ಅವಳಿಗೇ ನೆನಪಿಗೆ ಬರಲಿಲ್ಲ.

“ಶಾಕಾಂಬರಿ!” ಎಂದು ಕೂಗಿದಳು.

ಗಾಳಿ ಎದುರಿಗೆ ಬೀಸುತ್ತಿತ್ತು. ಹುಡುಗಿ ಕಿವಿಗೆ ಕೈ ಹಿಡಿದು ಕೇಳಿಸಿಕೊಂಡು, ತನಗೆ ಬಂದಂತೆ ಬಾಯಿ ತುಂಬ ಕೂಗಿದಳು:

“ಸಾಕಂಬೀ!”

“ಓ!” ಎಂದಳು ಅವಳು.